ಹಿಂದಿನ ಸೀಟಿನ ಲೆಕ್ಕ

ಬೈಕಿನಲ್ಲಿ ದೂರದೂರ ಹೋಗುವವರು ದುಡ್ಡು ಖರ್ಚು ಮಾಡುವ ಕ್ರಮವನ್ನು ಒಮ್ಮೆ ಗಮನಿಸಿ. ಮೊದಲು ಸೈಲೆನ್ಸರ್. ಆಮೇಲೆ ಫಾಗ್ ಲೈಟ್. ಆಮೇಲೆ ಕ್ರ್ಯಾಶ್ ಗಾರ್ಡ್, ಮೊಬೈಲ್ ಹೋಲ್ಡರ್, ಒಂದೊಳ್ಳೆ ಜಾಕೆಟ್. ಹೆಚ್ಚುಕಮ್ಮಿ ಎಲ್ಲವೂ ಹ್ಯಾಂಡಲ್ ಹಿಡಿದವರಿಗೇ. ಹಿಂದೆ ಕೂತವರಿಗೆ ಅಂತ ಕೊಳ್ಳುವುದು ಹೆಚ್ಚೆಂದರೆ ಒಂದು ಬ್ಯಾಕ್‌ರೆಸ್ಟ್. ಗುಂಡಿಯ ಪೆಟ್ಟು ನುಂಗುವ ಹಿಂದಿನ ಶಾಕ್ ಅಬ್ಸಾರ್ಬರ್ ಈ ಪಟ್ಟಿಯಲ್ಲಿ ಇರುವುದೇ ಇಲ್ಲ. ಇದ್ದರೂ ಕೊನೆಗೆ, ದುಡ್ಡು ಮಿಕ್ಕಿದರೆ ನೋಡೋಣ ಅನ್ನುವ ಜಾಗದಲ್ಲಿ. ಇಬ್ಬರು ಕೂತು ಊರೂರು ಸುತ್ತುವ ಬೈಕಾದರೆ ಅದು ಮೊದಲು ಬರಬೇಕು ಅಂತ ನಾನು ನಂಬುತ್ತೇನೆ. ಹಿಂದಿನ ಶಾಕ್‌ಗಳು ಹಿಂದೆ ಕೂತವರ ಸ್ವತ್ತು. ಅವರ ತೂಕ ನೋಡಿ, ಅವರ ಬೆನ್ನನ್ನು ಕೇಳಿ ಕೊಳ್ಳಬೇಕಾದ ಸಾಮಾನು ಅದು.

ಯಾಕೆ ಅಂತ ಹೇಳುತ್ತೇನೆ. ಬೈಕ್ ಓಡಿಸುವವನಿಗೆ ಗುಂಡಿ ಕಾಣುತ್ತದೆ. ಕಂಡ ಕೂಡಲೇ ಮೈ ತಾನಾಗಿಯೇ ಸಿದ್ಧವಾಗುತ್ತದೆ. ತೊಡೆ ಬಿಗಿಯಾಗುತ್ತದೆ, ಸೊಂಟ ಸ್ವಲ್ಪ ಮುಂದಕ್ಕೆ ಬರುತ್ತದೆ, ಕೈ ಹ್ಯಾಂಡಲ್ ಮೇಲೆ ಒತ್ತುತ್ತದೆ. ಹಿಂದೆ ಕೂತವರಿಗೆ ಕಾಣುವುದು ಮುಂದಿರುವವನ ಹೆಲ್ಮೆಟ್ ಮಾತ್ರ. ಅವರಿಗೆ ಗುಂಡಿ ಗೊತ್ತಾಗುವುದು ಬೆನ್ನುಮೂಳೆಯಿಂದ. ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ: "ಗುಂಡಿ ಬಂದ್ರೆ ಮುಂಚೆನೇ ಹೇಳ್ರೀ, ಸುಮ್ನೆ ಹಾರಿಸಿಬಿಡ್ತೀರ." ಹೇಳುವುದಕ್ಕೆ ಪುರಸೊತ್ತಾದರೂ ಎಲ್ಲಿರುತ್ತದೆ? ಎದುರಿನಿಂದ ಲಾರಿ ಬರುತ್ತಿರುವಾಗ, ಅರ್ಧ ಸೆಕೆಂಡಿನಲ್ಲಿ.

ಇನ್ನೊಂದು ಕಾರಣ ಶುದ್ಧ ಲೆಕ್ಕದ್ದು. ಹಿಂದಿನ ಚಕ್ರ ಒಂದು ಉಬ್ಬಿನ ಮೇಲೆ ಹತ್ತಿ ಬೈಕಿನ ಹಿಂಭಾಗ 6 ಸೆಂಟಿಮೀಟರ್ ಮೇಲೆದ್ದಿತು ಅಂತಿಟ್ಟುಕೊಳ್ಳಿ. ಆಕ್ಸಲ್, ಅಂದರೆ ಚಕ್ರದ ಅಚ್ಚಿನ, ನೇರ ಮೇಲೆ ಕೂತವರು ಆ 6 ಸೆಂಟಿಮೀಟರನ್ನೂ ಅನುಭವಿಸುತ್ತಾರೆ. ಓಡಿಸುವವನು ಕೂತಿರುವುದು ಎರಡು ಚಕ್ರಗಳ ನಡುವೆ. ಎರಡು ಚಕ್ರಗಳ ಅಂತರ ಒಂದೂವರೆ ಮೀಟರ್ ಇದ್ದು, ಅವನು ಹಿಂದಿನ ಆಕ್ಸಲ್‌ಗಿಂತ 45 ಸೆಂಟಿಮೀಟರ್ ಮುಂದಿದ್ದರೆ ಅವನು ಏಳುವುದು ಸುಮಾರು 4 ಸೆಂಟಿಮೀಟರ್ ಅಷ್ಟೇ. ಒಂದೇ ಬೈಕು, ಒಂದೇ ಗುಂಡಿ, ಆದರೆ ಇಬ್ಬರಿಗೆ ಬೀಳುವ ಪೆಟ್ಟು ಬೇರೆ. "ನನಗೇನೂ ಅನ್ನಿಸಲಿಲ್ಲವಲ್ಲ" ಅಂತ ಓಡಿಸುವವನು ಹೇಳಿದರೆ ಅವನ ಮಾತೂ ನಿಜವೇ.

ನಮ್ಮದು ರಾಯಲ್ ಎನ್‌ಫೀಲ್ಡ್‌ನ ಸೂಪರ್ ಮಿಟಿಯೋರ್ 650, ಟೂರರ್ ಮಾದರಿ. ಮುಂದೆ ಗಾಜು, ಹಿಂದೆ ಬ್ಯಾಕ್‌ರೆಸ್ಟ್ ಇರುವುದು. 2022ರ ನವೆಂಬರ್‌ನಲ್ಲಿ ಮಿಲಾನ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು 2023ರ ಜನವರಿಯಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಬೈಕು. 648 ಸಿಸಿ, ಎರಡು ಸಿಲಿಂಡರ್, 241 ಕೆ.ಜಿ. ತೂಕ. ಹೆದ್ದಾರಿಯಲ್ಲಿ ಅದರ ಓಟ ನನಗೆ ತುಂಬಾ ಇಷ್ಟ. ಸೀಟಿನ ಎತ್ತರ 740 ಮಿಲಿಮೀಟರ್, ಹಾಗಾಗಿ ಕಾಲು ಆರಾಮಾಗಿ ನೆಲಕ್ಕೆ ಸಿಗುತ್ತದೆ. ಆದರೆ ತಗ್ಗಾಗಿ ಕೂರುವ ಬೈಕಿಗೆ ಅದರದ್ದೇ ಆದ ಇತಿಮಿತಿ ಇರುತ್ತದೆ. ಮುಂದಿನ ಚಕ್ರ 120 ಮಿಲಿಮೀಟರ್ ಮೇಲೆ ಕೆಳಗೆ ಆಡಬಲ್ಲದು, ಹಿಂದಿನದು 101. ಹೊಟ್ಟೆಗೂ ನೆಲಕ್ಕೂ ನಡುವೆ 135 ಮಿಲಿಮೀಟರ್. ಮೈಗೆ ಬೀಳುವ ಎಲ್ಲ ಪೆಟ್ಟನ್ನೂ ಆ 101 ಮಿಲಿಮೀಟರ್ ಒಳಗೇ ನುಂಗಬೇಕು.

ಹೀಗೆ ತಗ್ಗಾಗಿರುವ ಕ್ರೂಸರ್ ಬೈಕಿನಲ್ಲಿ ಕೂರುವ ಭಂಗಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಕಾಲು ಮುಂದಕ್ಕೆ ಚಾಚಿರುತ್ತದೆ, ಬೆನ್ನು ನೆಟ್ಟಗಿರುತ್ತದೆ. ಅಡ್ವೆಂಚರ್ ಬೈಕಿನವರು ಹಂಪ್ ಬಂದಾಗ ಫುಟ್‌ಪೆಗ್ ಮೇಲೆ ಕಾಲೂರಿ ಸೀಟಿನಿಂದ ಎದ್ದುಬಿಡುತ್ತಾರೆ, ಮಂಡಿಯೇ ಅವರಿಗೆ ಇನ್ನೊಂದು ಸ್ಪ್ರಿಂಗ್. ಇಲ್ಲಿ ಕಾಲು ಮುಂದಿರುವುದರಿಂದ ಹಾಗೆ ಎದ್ದೇಳುವುದು ಕಷ್ಟ. ಸೀಟಿನ ಪೆಟ್ಟು ನೇರ ಬಾಲಮೂಳೆಗೆ, ಅಲ್ಲಿಂದ ಮೇಲಕ್ಕೆ. ಹಾಗಾಗಿ ಈ ಥರದ ಬೈಕಿನಲ್ಲಿ ಹಿಂದಿನ ಶಾಕ್‌ನ ಜವಾಬ್ದಾರಿ ಬೇರೆ ಬೈಕುಗಳಿಗಿಂತ ಜಾಸ್ತಿ.

ನಾವಿರುವುದು ತಿಪಟೂರಿನಲ್ಲಿ, ಹೆಂಡತಿಯ ತವರು ಉಜಿರೆ ಕಡೆ. ರಾಷ್ಟ್ರೀಯ ಹೆದ್ದಾರಿ 73 ಎರಡೂ ಊರಿನ ಮೇಲೇ ಹಾದುಹೋಗುತ್ತದೆ. ಅರಸೀಕೆರೆ, ಬಾಣಾವರ, ಬೇಲೂರು, ಮೂಡಿಗೆರೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿದರೆ ಉಜಿರೆ. ಚಂದದ ದಾರಿ. ತೆಂಗಿನ ತೋಟದಲ್ಲಿ ಶುರುವಾಗಿ ಕಾಫಿ ತೋಟ ಹಾದು ಅಡಿಕೆ ತೋಟದಲ್ಲಿ ಮುಗಿಯುತ್ತದೆ. ಆದರೆ ಊರು ಬಂತೆಂದರೆ ಹಂಪ್ ಬಂತು. ಊರ ಶುರುವಿಗೊಂದು, ಶಾಲೆ ಮುಂದೊಂದು, ದೇವಸ್ಥಾನದ ಹತ್ತಿರ ಒಂದು, ಊರು ಮುಗಿಯುವಾಗ ಮತ್ತೊಂದು.

ಪತ್ರಿಕೆಗಳಲ್ಲಿ 'ಅವೈಜ್ಞಾನಿಕ ಹಂಪ್' ಅಂತ ಬರೆಯುತ್ತಾರಲ್ಲ, ಅದು ಸುಮ್ಮನೆ ಬರೆಯುವ ಮಾತಲ್ಲ. ಹಂಪ್ ಹೇಗಿರಬೇಕು ಅನ್ನುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ 1988ರಿಂದಲೂ ಇದೆ. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, 17 ಮೀಟರ್ ತ್ರಿಜ್ಯದ ವೃತ್ತದ ತುಣುಕಿನ ಹಾಗೆ ನುಣ್ಣಗೆ ಬಾಗಿರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವುದಕ್ಕೆ ಅಂತ ಮಾಡಿದ್ದು. ಅಂಥ ಹಂಪಿನ ಮೇಲೆ ನಮ್ಮ ಬೈಕಿನ ಎರಡೂ ಚಕ್ರ ಒಟ್ಟಿಗೆ ಕೂರುತ್ತವೆ. ಲೆಕ್ಕ ಹಾಕಿದರೆ ಎರಡು ಚಕ್ರಗಳ ನಡುವೆ ಹಂಪ್ ಉಬ್ಬಿ ಬರುವುದು ಬರೀ 16-17 ಮಿಲಿಮೀಟರ್. ಹೊಟ್ಟೆ ತಾಗುವ ಪ್ರಶ್ನೆಯೇ ಇಲ್ಲ. ನಮ್ಮೂರುಗಳಲ್ಲಿರುವುದು ಒಂದು ಮೊಳ ಅಗಲದ, ಎದ್ದು ನಿಂತ ದಿಬ್ಬ. ಮುಂದಿನ ಚಕ್ರ ಇಳಿದಾಗ ಹಿಂದಿನದು ಇನ್ನೂ ಹತ್ತಿರುವುದಿಲ್ಲ. ಹಂಪಿನ ಪೂರ್ತಿ ಎತ್ತರ ಬೈಕಿನ ಹೊಟ್ಟೆಯ ಕೆಳಗೆ ಬರುತ್ತದೆ. ಇಬ್ಬರು ಕೂತು, ಎರಡೂ ಕಡೆ ಬ್ಯಾಗ್ ತುಂಬಿಸಿ, ಹಿಂಭಾಗ ನಾಲ್ಕೂವರೆ ಸೆಂಟಿಮೀಟರ್ ಕುಸಿದಿದ್ದರೆ ಕೆಳಗಿನಿಂದ ಕರ್ರ್ ಅಂತ ಕೇಳಿಸುತ್ತದೆ. ಆ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ನಾಲ್ಕೂವರೆ ಅಂತ ಅಂದಾಜಿಗೆ ಹೇಳಿದ್ದಲ್ಲ, ಅಳೆದೇ ಹೇಳುತ್ತಿದ್ದೇನೆ. ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಭಾಗ ಈ ಅಳತೆ. ಬೇಕಾಗುವುದು ಟೈಲರ್ ಟೇಪ್, ಒಂದು ತುಂಡು ಸ್ಟಿಕ್ಕರ್, ಇನ್ನಿಬ್ಬರು ಜನ.

ಹಿಂದಿನ ಆಕ್ಸಲ್‌ನ ನೇರ ಮೇಲೆ, ಮಡ್‌ಗಾರ್ಡ್ ಮೇಲೊಂದು ಕಡೆ ಸ್ಟಿಕ್ಕರ್ ಅಂಟಿಸಬೇಕು. ಅಲ್ಲಿಂದ ಆಕ್ಸಲ್ ನಟ್ಟಿನ ನಡುವಿನವರೆಗೆ ಅಳೆಯುವುದು. ಮೊದಲು ಫ್ರೇಮಿನ ಕೆಳಗೆ ಜ್ಯಾಕ್ ಕೊಟ್ಟು ಹಿಂದಿನ ಚಕ್ರ ನೆಲ ಬಿಡುವ ಹಾಗೆ ಎತ್ತಬೇಕು. ಆಗ ಶಾಕ್ ಪೂರ್ತಿ ಚಾಚಿರುತ್ತದೆ. ನಮ್ಮದರಲ್ಲಿ 512 ಮಿಲಿಮೀಟರ್ ಬಂತು. ಜ್ಯಾಕ್ ಇಳಿಸಿ ಬೈಕನ್ನು ನೆಟ್ಟಗೆ ನಿಲ್ಲಿಸಿದಾಗ 498. ಅಂದರೆ ತನ್ನ ತೂಕಕ್ಕೇ 14 ಮಿಲಿಮೀಟರ್ ಕೂತಿದೆ. ಜಾಕೆಟ್, ಹೆಲ್ಮೆಟ್ ಸಮೇತ ನಾನೊಬ್ಬನೇ ಕೂತಾಗ 485, ಅಂದರೆ 27 ಮಿಲಿಮೀಟರ್. ಹೆಂಡತಿ ಹತ್ತಿ ಕೂತು, ತವರಿಗೆ ಹೋಗುವಾಗ ತುಂಬುವ ಹಾಗೆಯೇ ಬ್ಯಾಗ್ ತುಂಬಿಸಿ ಅಳೆದಾಗ 466. ಒಟ್ಟು 46 ಮಿಲಿಮೀಟರ್.

ಒಂದು ಸೂಕ್ಷ್ಮ ಇದೆ. ಶಾಕ್ ಒಳಗೆ ಸೀಲ್, ಬುಷ್ ಇರುವುದರಿಂದ ಸ್ವಲ್ಪ ಹಿಡಿತ ಇದ್ದೇ ಇರುತ್ತದೆ. ಸೀಟನ್ನು ಮೇಲಿನಿಂದ ಒತ್ತಿ ಮೆಲ್ಲಗೆ ಬಿಟ್ಟರೆ ಒಂದು ಅಳತೆ, ಹಿಂಭಾಗ ಎತ್ತಿ ಮೆಲ್ಲಗೆ ಬಿಟ್ಟರೆ ಇನ್ನೊಂದು ಅಳತೆ. ಎರಡೂ ತೆಗೆದುಕೊಂಡು ನಡುವಿನದನ್ನು ಹಿಡಿಯಬೇಕು. ಈ ಎರಡು ಅಳತೆಗಳ ನಡುವೆ ತುಂಬಾ ಅಂತರ ಬಂದರೆ ಬುಷ್ ಎಲ್ಲೋ ಬಿಗಿ ಹಿಡಿದಿದೆ ಅಂತ ಅರ್ಥ.

ಹೀಗೆ ಕೂರುವುದಕ್ಕೆ ಸ್ಯಾಗ್ ಅನ್ನುತ್ತಾರೆ. ರಸ್ತೆಯ ಬೈಕಿಗೆ ಸವಾರರು ಕೂತಾಗ ಒಟ್ಟು ಆಟದ ಮೂರನೇ ಒಂದು ಭಾಗದ ಆಸುಪಾಸು ಸ್ಯಾಗ್ ಇರಬೇಕು ಅನ್ನುವುದು ಬಹುಕಾಲದಿಂದ ನಡೆದುಬಂದ ಲೆಕ್ಕ. 101ರಲ್ಲಿ ಮೂರನೇ ಒಂದು ಅಂದರೆ 33-34. ನಾನೊಬ್ಬನೇ ಕೂತರೆ 27, ಏನೂ ತೊಂದರೆ ಇಲ್ಲ. ಇಬ್ಬರು ಕೂತರೆ ಇನ್ನೂ ಹೊರಡುವ ಮೊದಲೇ 46 ಖರ್ಚಾಗಿದೆ. ಗುಂಡಿಗೆ ಅಂತ ಉಳಿದಿರುವುದು 55. ಅದೂ ಮುಗಿದರೆ ಕೊನೆಯ ರಬ್ಬರ್‌ಗೆ ಹೋಗಿ ಥಡ್ ಅಂತ ಹೊಡೆಯುತ್ತದೆ. ಆ ಥಡ್ ನನ್ನವಳ ಬೆನ್ನಿಗೆ.

ಇದರಲ್ಲಿ ಬೈಕ್ ಮಾಡಿದವರ ತಪ್ಪೇನೂ ಇಲ್ಲ. ಕಾರ್ಖಾನೆಯಿಂದ ಬರುವುದು ಒಂದೇ ಸ್ಪ್ರಿಂಗ್. 55 ಕೆ.ಜಿ.ಯ ಹುಡುಗ ಒಬ್ಬನೇ ಓಡಿಸಿದರೂ ಅದೇ, ಗಂಡ ಹೆಂಡತಿ ಸಾಮಾನು ಸಮೇತ ಹೊರಟರೂ ಅದೇ. ನಡುವಿನ ಯಾವುದೋ ತೂಕ ಹಿಡಿದು ಮಾಡಿರುತ್ತಾರೆ. ನಮ್ಮ ತೂಕ ಎಷ್ಟು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದನ್ನು ಹೇಳಬೇಕಾದವರು ನಾವು.

"ಅಣ್ಣಾ, ಪ್ರಿಲೋಡ್ ಫುಲ್ ಟೈಟ್ ಮಾಡಿಬಿಡಿ, ಗಟ್ಟಿಯಾಗುತ್ತೆ" ಅಂತ ಗ್ಯಾರೇಜಿನ ಹುಡುಗ ಹೇಳಿದ. ಪ್ರಿಲೋಡ್ ಅಂದರೆ ಉಂಗುರ ತಿರುಗಿಸಿ ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಡುವುದು. ಎಲ್ಲರೂ ಹೀಗೇ ಹೇಳುತ್ತಾರೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಯಾಕೆಂದರೆ ದುಡ್ಡು ವ್ಯರ್ಥವಾಗುವುದೂ ಬೆನ್ನು ನೋಯುವುದೂ ಇಲ್ಲೇ. ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನುವುದು ಅದರ ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ, ಇವುಗಳಲ್ಲೇ ತೀರ್ಮಾನವಾಗಿರುತ್ತದೆ. ಎಷ್ಟು ಒತ್ತಿದರೆ ಅಷ್ಟು ಕುಗ್ಗುತ್ತದೆ, ಇಮ್ಮಡಿ ಒತ್ತಿದರೆ ಇಮ್ಮಡಿ. ರಾಬರ್ಟ್ ಹುಕ್ 1678ರಲ್ಲಿ ಬರೆದಿಟ್ಟ ನಿಯಮ ಇದು, ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಪ್ರಿಲೋಡ್ ತಿರುಗಿಸಿದರೆ ಆ ಗುಣ ಬದಲಾಗುವುದಿಲ್ಲ. ಸ್ಪ್ರಿಂಗ್ ಎಲ್ಲಿಂದ ಶುರುವಾಗಬೇಕು ಅನ್ನುವುದಷ್ಟೇ ಬದಲಾಗುತ್ತದೆ. ಹಿಂಭಾಗ ಸ್ವಲ್ಪ ಮೇಲೇಳುತ್ತದೆ, ಅಷ್ಟು ಆಟ ಮರಳಿ ಸಿಗುತ್ತದೆ. ಅಷ್ಟರ ಮಟ್ಟಿಗೆ ಅದು ಉಪಯೋಗದ್ದೇ. ಆದರೆ ಸ್ಪ್ರಿಂಗೇ ತೂಕಕ್ಕೆ ಕಮ್ಮಿಯಿದ್ದರೆ ಪ್ರಿಲೋಡ್ ತುದಿ ಮುಟ್ಟಿಸಿದರೂ ದೊಡ್ಡ ಗುಂಡಿಯಲ್ಲಿ ಅದು ಹೋಗಿ ಕೆಳಗೆ ಹೊಡೆಯುತ್ತದೆ. ಮರುದಿನ ಒಬ್ಬನೇ ಹೋದರೆ ಶಾಕ್ ಮೇಲೆ ಪೂರ್ತಿ ಚಾಚಿಕೊಂಡೇ ಇದ್ದು, ತಗ್ಗಿಗೆ ಚಕ್ರ ಇಳಿಯಲು ಜಾಗವೇ ಉಳಿಯುವುದಿಲ್ಲ.

ಹಾಗಾಗಿ ಮೊದಲ ತೀರ್ಮಾನ ಸ್ಪ್ರಿಂಗಿನದು. ಹೊಸ ಶಾಕ್ ಮಾಡಿಕೊಡುವವರಿಗೆ ನಾನು ಮೊದಲು ಬರೆದು ಕಳಿಸಿದ್ದು ತೂಕ. ಜಾಕೆಟ್ ಹಾಕಿಕೊಂಡು ನನ್ನ ತೂಕ, ಅವಳ ತೂಕ, ಬ್ಯಾಗಿನ ತೂಕ. ಎಷ್ಟು ಭಾಗ ಓಟ ಇಬ್ಬರದ್ದು ಅನ್ನುವುದನ್ನೂ ಬರೆದೆ. ಹಿಂದೆ ಕೂತವರ ತೂಕ ಹೆಚ್ಚುಕಮ್ಮಿ ಪೂರ್ತಿ ಹಿಂದಿನ ಚಕ್ರಕ್ಕೇ ಬೀಳುತ್ತದೆ. ಆಕ್ಸಲ್‌ಗಿಂತ ಹಿಂದೆ ಕಟ್ಟಿದ ಸಾಮಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮುಂದಿನ ಚಕ್ರದ ಭಾರವನ್ನೂ ಕಮ್ಮಿ ಮಾಡುತ್ತದೆ. ತೂಕ ಕೇಳದೆ ಶಾಕ್ ಮಾರುವವರು ಯಾವ ಹೆಸರಿನವರಾದರೂ ನಾನು ಕೊಳ್ಳುವುದಿಲ್ಲ. ಹತ್ತಾರು ಸಾವಿರದಿಂದ ಲಕ್ಷದ ಹತ್ತಿರದವರೆಗೆ ಬೆಲೆ ಇದೆ. ಆ ದುಡ್ಡಿಗೆ ನಮ್ಮ ತೂಕಕ್ಕೆ ಸರಿಯಾದ ಸ್ಪ್ರಿಂಗ್ ಬರದಿದ್ದರೆ ಬಂಗಾರದ ಬಣ್ಣ ಕಟ್ಟಿಕೊಂಡು ಏನು ಮಾಡುವುದು?

"ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಇನ್ನೂ ಜಾಸ್ತಿ ಕುಲುಕಲ್ವಾ?" ಅಂತ ಹೆಂಡತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಬಹಳ ಜನ ಸವಾರರು ಇದನ್ನು ಕೇಳಿಕೊಳ್ಳುವುದೇ ಇಲ್ಲ. ಉತ್ತರ ಇರುವುದು ಸ್ಪ್ರಿಂಗಿನ ಒಳಗೆ ಕೂತಿರುವ ಡ್ಯಾಂಪರ್‌ನಲ್ಲಿ.

ಬರೀ ಸ್ಪ್ರಿಂಗ್ ಇದ್ದರೆ ಬೈಕು ಒಂದು ಹಂಪ್ ದಾಟಿದ ಮೇಲೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ನಿಲ್ಲಿಸುವುದು ಎಣ್ಣೆ. ಕೊಳವೆಯೊಳಗೆ ಪಿಸ್ಟನ್ ಆಡುವಾಗ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗಬೇಕು. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದ ಹಾಗೆ. ಮೆಲ್ಲಗೆ ಒತ್ತಿದರೆ ಹೋಗುತ್ತದೆ, ರಪ್ಪನೆ ಒತ್ತಿದರೆ ತಡೆಯುತ್ತದೆ. ಬರೀ ತೂತು ಇರುವ ಸಾದಾ ಡ್ಯಾಂಪರ್‌ನಲ್ಲಿ ಈ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಅಗಲವಾದ, ನುಣ್ಣನೆಯ ಉಬ್ಬಿನಲ್ಲಿ ಚಕ್ರ ಮೆಲ್ಲಗೆ ಏಳುತ್ತದೆ, ಏನೂ ಗೊತ್ತಾಗುವುದಿಲ್ಲ. ಚೂಪು ಅಂಚಿನ ಗುಂಡಿಯಲ್ಲಿ ಚಕ್ರ ಏಳುವ ವೇಗ ಒಮ್ಮೆಗೇ ಏರುತ್ತದೆ. ಎಣ್ಣೆಗೆ ಹೋಗಲು ದಾರಿ ಸಾಲದು, ಆ ಕ್ಷಣಕ್ಕೆ ಶಾಕ್ ಕಬ್ಬಿಣದ ಸರಳಿನಂತೆ ಆಗಿಬಿಡುತ್ತದೆ. ನಾವು 'ಗಟ್ಟಿ ಸಸ್ಪೆನ್ಷನ್' ಅಂತ ಬೈಯುವುದು ಬಹಳ ಸಲ ಇದನ್ನೇ, ಸ್ಪ್ರಿಂಗನ್ನಲ್ಲ.

ಒಳ್ಳೆಯ ಡ್ಯಾಂಪರ್‌ನಲ್ಲಿ ಪಿಸ್ಟನ್ ಮೇಲೆ ತೆಳ್ಳನೆಯ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಅವಕ್ಕೆ ಶಿಮ್ ಅನ್ನುತ್ತಾರೆ. ಎಣ್ಣೆಯ ಒತ್ತಡ ಏರಿದಂತೆ ಈ ಬಿಲ್ಲೆಗಳು ಬಾಗಿ ದಾರಿ ಬಿಡುತ್ತವೆ. ಒತ್ತಡ ಇನ್ನೂ ಏರಿದರೆ ಇನ್ನೂ ಬಾಗುತ್ತವೆ. ಹಾಗಾಗಿ ಚೂಪು ಗುಂಡಿಯಲ್ಲೂ ತಡೆ ಮಿತಿ ಮೀರುವುದಿಲ್ಲ. ತೂಕಕ್ಕೆ ತಕ್ಕ ಸ್ಪ್ರಿಂಗ್, ಅದಕ್ಕೆ ಹೊಂದುವ ಶಿಮ್. ಎರಡೂ ಕೂಡಿದರೆ ಗಟ್ಟಿ ಸ್ಪ್ರಿಂಗಿನ ಬೈಕೇ ಮೆತ್ತಗೆ ಅನ್ನಿಸುತ್ತದೆ. ಹೆಂಡತಿಗೆ ಆ ಹೊತ್ತಿಗೆ ಇಷ್ಟೆಲ್ಲ ಹೇಳಿ ನಂಬಿಸಲು ಆಗಲಿಲ್ಲ. "ಹಾಕ್ಸಿ ನೋಡೋಣ" ಅಂದಳು.

ಎಣ್ಣೆಯ ಜೊತೆ ನೈಟ್ರೋಜನ್ ಗ್ಯಾಸ್ ಯಾಕೆ ಅಂತಲೂ ಜನ ಕೇಳುತ್ತಾರೆ. ಗುಂಡಿಯ ಪೆಟ್ಟನ್ನು ಶಾಕ್ ಎಲ್ಲಿಗೂ ಕಳಿಸಿಬಿಡುವುದಿಲ್ಲ, ಅದನ್ನು ಶಾಖವಾಗಿ ಬದಲಿಸುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿಸಿ ನಿಲ್ಲಿಸಿದಾಗ ಶಾಕ್‌ನ ಮೈ ಮುಟ್ಟಿ ನೋಡಿ, ಬಿಸಿ ಗೊತ್ತಾಗುತ್ತದೆ. ಎಣ್ಣೆ ಕಾದರೆ ತೆಳ್ಳಗಾಗುತ್ತದೆ. ಪಿಸ್ಟನ್ ಜೋರಾಗಿ ಆಡುವಾಗ ಎಣ್ಣೆಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆಗೆ ತಡೆಯುವ ಶಕ್ತಿ ಇಲ್ಲ. ಎಣ್ಣೆಯನ್ನು ಒತ್ತಡದಲ್ಲಿಟ್ಟರೆ ಗುಳ್ಳೆ ಏಳುವುದು ಕಮ್ಮಿಯಾಗುತ್ತದೆ, ನೈಟ್ರೋಜನ್ ಮಾಡುವ ಕೆಲಸ ಅದು. ಗ್ಯಾಸು ಎಣ್ಣೆ ಬೆರೆಯದಂತೆ ನಡುವೆ ತೇಲುವ ಪಿಸ್ಟನ್ ಇರುವ ಶಾಕ್‌ಗಳು ಇನ್ನೂ ಒಳ್ಳೆಯವು. ಪಕ್ಕದಲ್ಲಿ ಡಬ್ಬಿ ಅಂಟಿಕೊಂಡಿರುತ್ತದಲ್ಲ, ಬಹುತೇಕ ಅದರೊಳಗೆ ಇರುವುದು ಇದೇ. ನಾನು ಆರಿಸಿಕೊಂಡಿದ್ದು ಅಂಥದ್ದು.

ಉದ್ದವನ್ನು ಮಾತ್ರ ಬದಲಿಸಲಿಲ್ಲ. ಕಾಲು ಇನ್ನಷ್ಟು ನೆಲಕ್ಕೆ ಸಿಗಲಿ ಅಂತ ಗಿಡ್ಡ ಶಾಕ್ ಹಾಕಿಸುವವರಿದ್ದಾರೆ. 135 ಮಿಲಿಮೀಟರ್ ಎತ್ತರದ ಬೈಕನ್ನು ನಮ್ಮ ಹಂಪುಗಳ ಮೇಲೆ ಇನ್ನೂ ತಗ್ಗಿಸುವುದು ಬೇಡ ಅಂತಲೇ ನಾನು ಹೇಳುವುದು. ತಿರುವಿನಲ್ಲಿ ಫುಟ್‌ಪೆಗ್ ಕೂಡ ಬೇಗ ನೆಲ ಕೆರೆಯುತ್ತದೆ. ಉದ್ದದ ಶಾಕ್ ಹಾಕಿದರೆ ಹಿಂಭಾಗ ಎದ್ದು, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಹೆಚ್ಚು ನೆಟ್ಟಗಾಗಿ ಹ್ಯಾಂಡಲ್ ಚುರುಕಾಗುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ಬೈಕು ಇನ್ನಷ್ಟು ವಾಲುತ್ತದೆ. ಮೂಲದ ಉದ್ದವೇ ಇರಲಿ. ವಾರಂಟಿ ಇನ್ನೂ ಇರುವವರು ಷೋರೂಮಿನಲ್ಲಿ ಮೊದಲೇ ಕೇಳಿಕೊಳ್ಳಿ, ಹಳೆಯ ಜೋಡಿಯನ್ನು ಬಿಸಾಡಬೇಡಿ.

ಕೂರಿಸುವ ಕೆಲಸ ದೊಡ್ಡದಲ್ಲ. ಎರಡು ಶಾಕ್ ಇರುವ ಬೈಕಿನ ಒಂದು ಅನುಕೂಲ ಅದು. ಒಂದು ಕಡೆ ಬಿಚ್ಚಿದರೂ ಇನ್ನೊಂದು ಕಡೆಯದು ಬೈಕನ್ನು ಹಿಡಿದುಕೊಂಡಿರುತ್ತದೆ. ಸೈಲೆನ್ಸರ್ ಆರಿದ ಮೇಲೆ ಬ್ಯಾಗ್ ಕಟ್ಟುವ ಸ್ಟೇ ಬಿಚ್ಚಿ, ಫ್ರೇಮಿಗೆ ಜ್ಯಾಕ್ ಕೊಟ್ಟು ಭಾರ ಇಳಿಸಿ, ಮೇಲಿನ ಬೋಲ್ಟ್, ಕೆಳಗಿನ ಬೋಲ್ಟ್. ಶಾಕ್‌ನ ಕೆಳಗಿನ ಬೋಲ್ಟ್ ತೂತು ಕೂಡದಿದ್ದರೆ ಚಕ್ರವನ್ನು ಕೂದಲೆಳೆಯಷ್ಟು ಎತ್ತಿಕೊಟ್ಟರೆ ಬೋಲ್ಟ್ ತಾನಾಗಿ ಜಾರುತ್ತದೆ. ಸುತ್ತಿಗೆ ಮುಟ್ಟಬಾರದು. ಬಿಗಿಯುವಾಗ ಟಾರ್ಕ್ ರೆಂಚ್, ಸರ್ವಿಸ್ ಪುಸ್ತಕದಲ್ಲಿರುವ ಅಳತೆಗೆ. ಗ್ಯಾರೇಜಿನ ಹುಡುಗ ಹಳೆಯದನ್ನು ಪಕ್ಕಕ್ಕಿಟ್ಟು ಹೊಸದನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಸ್ಪ್ರಿಂಗಿನ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಸಂಖ್ಯೆಗೆ ಬೆರಳಿಟ್ಟು, "ಇದು ನಿಮ್ಮಿಬ್ಬರ ತೂಕಕ್ಕೆ ಹಾಕಿರೋದಾ ಅಣ್ಣಾ?" ಅಂದ. ಹೌದು ಅಂದೆ. ಆಮೇಲೆ ಟೇಪನ್ನು ಅವನೇ ಹಿಡಿದುಕೊಂಡ.

ಸಿ ಸ್ಪ್ಯಾನರ್‌ನಲ್ಲಿ ಪ್ರಿಲೋಡ್ ಉಂಗುರವನ್ನು ಎರಡೂ ಕಡೆ ಸಮ ಬರುವ ಹಾಗೆ ತಿರುಗಿಸುತ್ತಾ, ಇಳಿದು ಹತ್ತಿ, ಮತ್ತೆ ಅಳೆಯುತ್ತಾ ಹೋದೆವು. ಕೊನೆಗೆ ನಿಂತಿದ್ದು ಹೀಗೆ: ಬರೀ ಬೈಕು 9, ನಾನೊಬ್ಬನೇ 19, ಇಬ್ಬರೂ ಬ್ಯಾಗೂ ಸೇರಿ 34. ಒಬ್ಬನಿಗೂ ಇಬ್ಬರಿಗೂ ನಡುವಿನ ವ್ಯತ್ಯಾಸ ಮೊದಲು 19 ಇತ್ತು, ಈಗ 15. ಗುಂಡಿಗೆ ಉಳಿದ ಆಟ 55ರಿಂದ 67ಕ್ಕೆ ಏರಿತು. 12 ಮಿಲಿಮೀಟರ್ ಕೇಳಲು ಸಣ್ಣದು. ಆದರೆ ಥಡ್ ಅನ್ನುವ ಸದ್ದು ಇದ್ದದ್ದು ಆ 12ರ ಒಳಗೇ.

ಇಷ್ಟಾದರೂ ಅರ್ಧ ಕೆಲಸ ಬಾಕಿ. ರಿಬೌಂಡ್ ಅನ್ನುವ ಇನ್ನೊಂದು ಹೊಂದಾಣಿಕೆ ಇದೆ, ಕುಗ್ಗಿದ ಶಾಕ್ ಎಷ್ಟು ಬೇಗ ಮೇಲೆ ಬರಬೇಕು ಅನ್ನುವುದು. ತುಂಬಾ ಬೇಗ ಬಂದರೆ ಹಂಪ್ ದಾಟಿದ ಮೇಲೆ ಸೀಟು ಹಿಂದಿನವರನ್ನು ಎತ್ತಿ ಹಾಕುತ್ತದೆ. ನಿಧಾನವಾದರೆ ಆ ಕ್ಷಣಕ್ಕೆ ಹಾಯೆನ್ನಿಸುತ್ತದೆ, ತೊಂದರೆ ಆಮೇಲೆ. ತಯಾರಕರು ಹೇಳಿದ ಜಾಗದಿಂದ ಶುರುಮಾಡಿ ಊರ ಹೊರಗೆ ಒಂದು ಸುತ್ತು ಹೋದೆವು. ಅವಳು ಹೇಳಿದ್ದು: "ಎತ್ತಿ ಹಾಕ್ತಾ ಇದ್ಯಲ್ಲ, ಕಮ್ಮಿ ಮಾಡಿ." ಮೂರು ಕ್ಲಿಕ್ ಬಿಗಿ ಮಾಡಿದೆ. ಇನ್ನೊಂದು ಸುತ್ತು. ಈ ಸಲ ಹೇಳಿದ ಮಾತು ನಾನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ: "ರಸ್ತೆ ಮೇಲೆ ಸಾಲಾಗಿ ಬಂತಲ್ಲ ಉಬ್ಬು ಪಟ್ಟಿ, ಅದ್ರಲ್ಲಿ ಮೊದಲ್ನೇದು ಚೆನ್ನಾಗಿತ್ತು. ಕೊನೇ ಎರಡು ಗಟ್ಟಿಯಾಗ್ಬಿಟ್ಟಿತ್ತು."

ಸಸ್ಪೆನ್ಷನ್ ಕೆಲಸದವರು ವರ್ಷಗಟ್ಟಲೆ ಪಳಗಿ ಹೇಳುವ ಮಾತು ಇದು. ರಿಬೌಂಡ್ ನಿಧಾನವಾಗಿದ್ದರೆ ಒಂದು ಪೆಟ್ಟಿಗೆ ಕುಗ್ಗಿದ ಶಾಕ್ ಪೂರ್ತಿ ಮೇಲೆ ಬರುವ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕೆಳಗೆ ಉಳಿಯುತ್ತಾ ಹೋಗಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಆಟವೇ ಉಳಿದಿರುವುದಿಲ್ಲ. ಅವಳಿಗೆ ಡ್ಯಾಂಪರ್, ಶಿಮ್ ಯಾವುದೂ ಗೊತ್ತಿಲ್ಲ. ಆದರೆ ಎಷ್ಟನೇ ಪಟ್ಟಿಯಲ್ಲಿ ಗಟ್ಟಿಯಾಯಿತು ಅಂತ ಬೆನ್ನು ಹೇಳಿತು. ಎರಡು ಕ್ಲಿಕ್ ಸಡಿಲ ಮಾಡಿದೆ. ಅಲ್ಲೇ ನಿಂತಿತು. ಓಡಿಸುವ ನನಗೆ ಈ ಯಾವ ವ್ಯತ್ಯಾಸವೂ ಅಷ್ಟು ಸ್ಪಷ್ಟವಾಗಿ ಗೊತ್ತಾಗಿರಲಿಲ್ಲ. ನನ್ನ ಲಕ್ಷ್ಯವೆಲ್ಲ ರಸ್ತೆ, ಬ್ರೇಕು, ಹ್ಯಾಂಡಲ್ ಮೇಲೆ. ಹಿಂದಿನ ಶಾಕ್ ಹೊಂದಿಸಲು ಸರಿಯಾದ ಜಾಗ ಹಿಂದಿನ ಸೀಟೇ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಬರೆದಿಡಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಟೈರಿನ ಗಾಳಿಯನ್ನೂ ಇಬ್ಬರು ಕೂರುವ ಲೆಕ್ಕಕ್ಕೆ ಮೊದಲೇ ಸರಿಮಾಡಿಕೊಂಡಿರಬೇಕು, ತಣ್ಣಗಿರುವಾಗ. ಚೈನಿನ ಬಿಗಿಯನ್ನೂ ಇನ್ನೊಮ್ಮೆ ನೋಡಿ.

ಕಾಂಕ್ರೀಟ್ ರಸ್ತೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಕೂತ ಮನುಷ್ಯನಿಗೆ ಮೇಲೆ ಕೆಳಗೆ ಆಗುವ ಅದುರು ಸೆಕೆಂಡಿಗೆ 4ರಿಂದ 8 ಸಲ ಬಂದಾಗ ಮೈಗೆ ಅತಿ ಹೆಚ್ಚು ನಾಟುತ್ತದೆ. ಮೈಗೆ ತಾಗುವ ಕಂಪನವನ್ನು ಅಳೆಯುವ ಐಎಸ್‌ಒ 2631 ಮಾನದಂಡವೂ ಹೆಚ್ಚಿನ ತೂಕ ಕೊಡುವುದು ಈ ವಲಯಕ್ಕೇ. ಕಾಂಕ್ರೀಟ್ ರಸ್ತೆಯಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು ಜಾಯಿಂಟ್ ಇರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ ಸುಮಾರು 5 ಜಾಯಿಂಟ್. ಸರಿಯಾಗಿ ಆ ಕೆಟ್ಟ ವಲಯದೊಳಗೆ! 50ರಲ್ಲಿ ಹೋದರೆ ಸೆಕೆಂಡಿಗೆ 3, ವಲಯದ ಹೊರಗೆ. ಶಿರಾಡಿ ಘಾಟಿಯ ಕಾಂಕ್ರೀಟಿನಲ್ಲಿ ತಿರುವುಗಳಿಂದಾಗಿ ಹೇಗೂ ನಿಧಾನ ಹೋಗುತ್ತೇವೆ, ಅಲ್ಲಿ ಅಷ್ಟು ಕಾಡುವುದಿಲ್ಲ. ನೇರ ಹೆದ್ದಾರಿಯ ಕಾಂಕ್ರೀಟಿನಲ್ಲೇ ಬೆನ್ನು ಹಿಡಿದುಕೊಳ್ಳುವುದು. ಹೊಸ ಶಾಕ್ ಈ ಅದುರನ್ನು ಪೂರ್ತಿ ತೆಗೆಯಲಿಲ್ಲ. ಅಂಚುಗಳ ಚುಚ್ಚುವಿಕೆ ಹೋಯಿತು, ತಾಳ ಉಳಿಯಿತು. ಅಂಥ ಕಡೆ ನಾನು ವೇಗವನ್ನು ಸ್ವಲ್ಪ ಬದಲಿಸಿ ನೋಡುತ್ತೇನೆ. ಹೆಂಡತಿ ಭುಜ ತಟ್ಟಿದರೆ ಅದೇ ವೇಗ ಇರಲಿ ಅಂತ ಅರ್ಥ.

ನಾನು ನಿರೀಕ್ಷಿಸದ ಲಾಭ ಒಂದಿದೆ, ಹೆಡ್‌ಲೈಟಿನದು. ಹಿಂಭಾಗ ಕುಸಿದರೆ ಬೈಕಿನ ಮೂತಿ ಮೇಲೇಳುತ್ತದೆ. ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೋಗುತ್ತದೆ. ಮೊದಲು ರಾತ್ರಿ ಇಬ್ಬರೇ ಬರುವಾಗ ಎದುರಿನ ಲಾರಿಯವರು ಡಿಮ್ ಡಿಪ್ ಮಾಡಿ ಎಚ್ಚರಿಸುತ್ತಿದ್ದರು, ನಾನು ಡಿಮ್ಮಿನಲ್ಲೇ ಇದ್ದರೂ. ಈಗ ಯಾರೂ ಮಾಡುವುದಿಲ್ಲ. ಬೆಳಕು ನನಗೆ ಬೇಕಾದ ಕಡೆಯೇ ಬೀಳುತ್ತದೆ.

ಚಾರ್ಮಾಡಿಯ ತಿರುವುಗಳಲ್ಲೂ ಬೈಕಿನ ನಡೆ ಬದಲಾಗಿದೆ. ಮೊದಲು ತಿರುವಿನ ನಡುವೆ ಒಂದು ಉಬ್ಬು ಸಿಕ್ಕರೆ ಹಿಂಭಾಗ ಒಮ್ಮೆ ತೂಗಾಡಿ ಆಮೇಲೆ ಸಾಲಿಗೆ ಬರುತ್ತಿತ್ತು. ಹಿಂದೆ ಕೂತವಳು ಆಗ ನನ್ನ ಜಾಕೆಟ್ ಬಿಗಿಯಾಗಿ ಹಿಡಿಯುತ್ತಿದ್ದಳು. ಈಗ ಹಿಡಿತ ಸಡಿಲ ಇರುತ್ತದೆ, ಕಣಿವೆ ಕಡೆ ನೋಡುತ್ತಾ ಮಾತಾಡುತ್ತಿರುತ್ತಾಳೆ. ಕೊಟ್ಟಿಗೆಹಾರದಲ್ಲಿ ಇಳಿದ ಕೂಡಲೇ ಸೊಂಟಕ್ಕೆ ಕೈ ಕೊಟ್ಟು ನಿಲ್ಲುವುದು ತಪ್ಪಿದೆ. ನನಗೆ ಈ ಖರ್ಚಿನ ಲೆಕ್ಕ ಅಲ್ಲೇ ಚುಕ್ತಾ ಆಯಿತು.

ಶಾಕ್ ಹಾಕಿಸಿದ ಮೇಲೆ ಮರೆತುಬಿಡುವ ಸಾಮಾನಲ್ಲ. ರಾಡಿನ ಮೇಲೆ ಕೂರುವ ಕೆಸರು ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಇಲ್ಲವಾದರೆ ಸೀಲ್ ತಿನ್ನುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಪ್ರತಿ ಸಲ. ಪ್ರೆಷರ್ ವಾಷ್‌ನವರಿಗೆ ಸೀಲಿನ ಮೇಲೆ ನೇರ ನೀರು ಬಿಡಬೇಡಿ ಅಂತ ಹೇಳಿ. ಬಿಚ್ಚಿ ರಿಪೇರಿ ಮಾಡಬಹುದಾದ ಶಾಕನ್ನೇ ಕೊಳ್ಳಿ. ಎಣ್ಣೆ ಹಳತಾದಾಗ ಎಣ್ಣೆ, ಸೀಲು, ಗ್ಯಾಸ್ ಹೊಸದಾಗಿ ಹಾಕಿಸಿದರೆ ಮತ್ತೆ ಬಹಳ ಕಾಲ ಬರುತ್ತದೆ. ಹಾಗೆ ಮಾಡಿಕೊಡುವವರು ಎಲ್ಲಿದ್ದಾರೆ, ಕಳಿಸಿದರೆ ಎಷ್ಟು ದಿನ ಬೇಕು ಅನ್ನುವುದನ್ನು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಬೇಕು. ಆ ಸಮಯದಲ್ಲಿ ಹಳೆಯ ಜೋಡಿ ಉಪಯೋಗಕ್ಕೆ ಬರುತ್ತದೆ.

ಹಿಂದಿನದು ಸರಿಹೋದ ಮೇಲೆ ಮುಂದಿನ ಫೋರ್ಕ್ ಮೇಲೆ ಕಣ್ಣು ಬಿದ್ದಿದೆ. ಘಾಟಿ ಇಳಿಯುವಾಗ ಬ್ರೇಕ್ ಹಿಡಿದರೆ ಮೂತಿ ಎಷ್ಟು ಬಾಗುತ್ತದೆ ಅನ್ನುವುದು ಈಗ ಚೆನ್ನಾಗಿ ಗೊತ್ತಾಗುತ್ತಿದೆ. ಫೋರ್ಕಿನ ಒಳಗಿನ ಕೊಳವೆಗೆ ಒಂದು ಪ್ಲಾಸ್ಟಿಕ್ ಟ್ಯಾಗ್ ಬಿಗಿದು, ಉಜಿರೆಗೆ ಹೋಗಿಬರುವಷ್ಟರಲ್ಲಿ ಅದು ಎಲ್ಲಿಯವರೆಗೆ ಸರಿಯುತ್ತದೆ ಅಂತ ನೋಡಬೇಕು. ಎಣ್ಣೆ ಬದಲಿಸಿದರೆ ಸಾಕೋ ಸ್ಪ್ರಿಂಗೂ ಬೇಕೋ ಅನ್ನುವುದು ಆಮೇಲೆ.